ಚಾಕೊಲೇಟ್ ಕುಕ್ಕಿ ಮೆತ್ತಗೆ ಬರ್ತಾ ಇಲ್ವಾ? ಎಲ್ಲಿ ತಪ್ಪಿತು ಅಂತ ಹುಡುಕೋಣ

ಓವನ್‌ನಿಂದ ತೆಗೆದಾಗ ಮೆತ್ತಗೇ ಇತ್ತು. ತಣ್ಣಗಾದ ಮೇಲೆ ಕಚ್ಚಿದರೆ ಕಲ್ಲು. ಚಾಕೊಲೇಟ್ ಕುಕ್ಕಿ ಮಾಡಲು ಹೊರಟವರೆಲ್ಲ ಒಂದಲ್ಲ ಒಂದು ಸಲ ಈ ಪಾಡು ಪಟ್ಟವರೇ. ಕೆಲವರದು ಉಲ್ಟಾ ಕಥೆ. ಉಂಡೆಗಳೆಲ್ಲ ಕರಗಿ, ಒಂದಕ್ಕೊಂದು ಅಂಟಿಕೊಂಡು, ಟ್ರೇ ತುಂಬ ಒಂದೇ ದೊಡ್ಡ ಹಾಳೆ. ಆಗ ನಾವು ಮಾಡುವುದೇನು? ರೆಸಿಪಿಗೆ ಬೈಯುತ್ತೇವೆ, ಇನ್ನೊಂದು ರೆಸಿಪಿ ಹುಡುಕುತ್ತೇವೆ. ಅದರಲ್ಲೂ ಅದೇ ಗೋಳು.

ನಾನು ಕಂಡಂತೆ ರೆಸಿಪಿಯ ತಪ್ಪು ಕಡಿಮೆ. ತಪ್ಪುವುದು ಹೆಚ್ಚಾಗಿ ಮೂರು ಕಡೆ: ಕಪ್ಪಿನಲ್ಲಿ ಒತ್ತಿ ತುಂಬಿದ ಮೈದಾ, ಓವನ್ ಹೇಳುವ ಸುಳ್ಳು, ಮತ್ತು ‘ಇನ್ನೆರಡು ನಿಮಿಷ ಇರಲಿ’ ಅನ್ನುವ ನಮ್ಮ ಮನಸ್ಸು. ಮೂರರಲ್ಲಿ ದೊಡ್ಡ ಕಳ್ಳ ಕೊನೆಯವನೇ.

ಮೊದಲು ಒಂದು ಮಾತು ತಲೆಯಲ್ಲಿರಲಿ. ಕುಕ್ಕಿ ಮೆತ್ತಗಿದೆ ಅಂದರೆ ಅದರೊಳಗೆ ಸ್ವಲ್ಪ ನೀರು ಉಳಿದಿದೆ ಅಂತ ಅರ್ಥ. ನಾವು ಹಿಟ್ಟಿಗೆ ನೀರು ಹಾಕಿರುವುದಿಲ್ಲ, ನಿಜ. ಆದರೆ ಬೆಣ್ಣೆಯಲ್ಲಿ ನೂರಕ್ಕೆ 16ರಿಂದ 18 ಭಾಗ ನೀರಿರುತ್ತದೆ. ಮೊಟ್ಟೆಯಲ್ಲಂತೂ ಮುಕ್ಕಾಲು ಪಾಲು ನೀರೇ. ಓವನ್ ಈ ನೀರನ್ನು ಹೊರಗಟ್ಟುತ್ತದೆ, ಸಕ್ಕರೆ ಹಿಡಿದಿಟ್ಟುಕೊಳ್ಳುತ್ತದೆ, ಮೈದಾ ಹೀರಿಕೊಳ್ಳುತ್ತದೆ, ಕೋಕೋ ಪುಡಿ ಅದಕ್ಕಿಂತಲೂ ಜಾಸ್ತಿ ಹೀರುತ್ತದೆ. ಕೆಳಗೆ ಹೇಳುವ ತಕರಾರುಗಳಲ್ಲಿ ಬಹುಪಾಲು ಈ ನೀರಿನ ಲೆಕ್ಕ ತಪ್ಪಿದ್ದರಿಂದಲೇ ಬರುವಂಥವು.

ಹೋಲಿಸಿ ನೋಡಲು ಒಂದು ಅಳತೆ

ದೋಷ ಹುಡುಕಬೇಕಾದರೆ ಸರಿಯಾದದ್ದು ಹೇಗಿರುತ್ತದೆ ಅಂತ ಗೊತ್ತಿರಬೇಕು. ನಾನು ಬಳಸುವ ಅಳತೆ ಇದು: ಬೆಣ್ಣೆ 115 ಗ್ರಾಂ, ಬ್ರೌನ್ ಶುಗರ್ 150 ಗ್ರಾಂ, ಬಿಳಿ ಸಕ್ಕರೆ 50 ಗ್ರಾಂ, ಒಂದು ಮೊಟ್ಟೆ, ಮೈದಾ 125 ಗ್ರಾಂ, ಸಿಹಿ ಇಲ್ಲದ ಕೋಕೋ ಪುಡಿ 40 ಗ್ರಾಂ, ಬೇಕಿಂಗ್ ಸೋಡಾ ಅರ್ಧ ಟೀ ಚಮಚ, ಉಪ್ಪು ಕಾಲು ಟೀ ಚಮಚ, ಒಂದು ಚಮಚ ವೆನಿಲ್ಲಾ ಎಸೆನ್ಸ್, ಚೂರು ಮಾಡಿದ ಚಾಕೊಲೇಟ್ 120 ಗ್ರಾಂ. 40 ಗ್ರಾಂ ತೂಕದ ಉಂಡೆ ಮಾಡಿದರೆ ಸುಮಾರು 16 ಆಗುತ್ತವೆ. ಫ್ರಿಜ್‌ನಲ್ಲಿ ಒಂದು ಗಂಟೆ ಇಟ್ಟು, 175 ಡಿಗ್ರಿ ಸೆಲ್ಸಿಯಸ್‌ನಲ್ಲಿ 10ರಿಂದ 12 ನಿಮಿಷ ಬೇಯಿಸಬೇಕು.

ನಿಮ್ಮ ರೆಸಿಪಿ ಬೇರೆ ಇರಬಹುದು, ಪರವಾಗಿಲ್ಲ. ಆದರೆ ಪಕ್ಕಪಕ್ಕ ಇಟ್ಟು ನೋಡಿ. ಮೈದಾ ಮತ್ತು ಕೋಕೋ ಸೇರಿ ಬೆಣ್ಣೆಯ ಎರಡರಷ್ಟು ದಾಟಿದ್ದರೆ, ಅಥವಾ ಸಕ್ಕರೆಯೆಲ್ಲ ಬಿಳಿಯದೇ ಆಗಿದ್ದರೆ, ಅದು ಮೆತ್ತನೆಯ ಕುಕ್ಕಿಯ ರೆಸಿಪಿ ಅಲ್ಲವೇ ಅಲ್ಲ. ಗರಿಗರಿ ಕುಕ್ಕಿಯ ರೆಸಿಪಿ ಹಿಡಿದುಕೊಂಡು ಮೆತ್ತಗಾಗಲಿಲ್ಲ ಅಂತ ಕೊರಗಿ ಏನು ಪ್ರಯೋಜನ?

ಇನ್ನೊಂದು ಅಭ್ಯಾಸ. ಹಿಟ್ಟು ತಯಾರಾದ ಮೇಲೆ ಎಲ್ಲ ಉಂಡೆಗಳನ್ನೂ ಒಟ್ಟಿಗೆ ಓವನ್‌ಗೆ ತಳ್ಳಬೇಡಿ. ಒಂದೇ ಒಂದನ್ನು ಬೇಯಿಸಿ ನೋಡಿ. ಅದು ಹಾಳಾದರೂ ಉಳಿದ ಹದಿನೈದು ನಿಮ್ಮ ಕೈಯಲ್ಲೇ ಇರುತ್ತವೆ. ತಿದ್ದುವಾಗಲೂ ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಮೈದಾ ಕಡಿಮೆ ಮಾಡಿ, ಬಿಸಿ ಜಾಸ್ತಿ ಮಾಡಿ, ಮೊಟ್ಟೆಯನ್ನೂ ಬದಲಿಸಿದರೆ, ಕೊನೆಗೆ ಯಾವುದರಿಂದ ಸರಿಹೋಯಿತು ಅಂತ ನಿಮಗೇ ಗೊತ್ತಾಗುವುದಿಲ್ಲ.

ತಣ್ಣಗಾದ ಮೇಲೆ ಕಲ್ಲಿನ ಹಾಗೆ ಗಟ್ಟಿ

ಎಲ್ಲಕ್ಕಿಂತ ಜಾಸ್ತಿ ಕೇಳಿಬರುವ ದೂರು ಇದೇ. ಮೊದಲ ಅನುಮಾನ ಸಮಯದ ಮೇಲೆ ಇರಲಿ.

ಬಿಳಿ ಹಿಟ್ಟಿನ ಕುಕ್ಕಿಯಾದರೆ ಅಂಚು ಹೊಂಬಣ್ಣಕ್ಕೆ ತಿರುಗಿದಾಗ ತೆಗೆಯಬಹುದು. ಕೋಕೋ ಹಾಕಿದ ಹಿಟ್ಟು ಮೊದಲೇ ಕಪ್ಪು. ಬಣ್ಣ ನೋಡಿ ಏನೂ ತಿಳಿಯುವುದಿಲ್ಲ. ಮುಟ್ಟಿದರೆ ಮೆತ್ತಗೆ ಸಿಗುತ್ತದೆ, ‘ಅಯ್ಯೋ ಇನ್ನೂ ಹಸಿ’ ಅಂತ ಮತ್ತೆ ಒಳಗಿಡುತ್ತೇವೆ. ಅಲ್ಲೇ ಕೆಡುವುದು. ಬಿಸಿ ಕುಕ್ಕಿ ಯಾವತ್ತೂ ಮೆತ್ತಗೇ ಇರುತ್ತದೆ, ಅತಿಯಾಗಿ ಬೆಂದದ್ದು ಕೂಡ. ಯಾಕೆಂದರೆ ಆಗ ಬೆಣ್ಣೆ ದ್ರವವಾಗಿರುತ್ತದೆ, ಸಕ್ಕರೆಯೂ ಪಾಕದ ಹಾಗೆ ಇಳಿದಿರುತ್ತದೆ. ಎರಡೂ ತಣ್ಣಗಾದಾಗಲೇ ನಿಜವಾದ ಗಟ್ಟಿತನ ಗೊತ್ತಾಗುವುದು.

ಹಾಗಾದರೆ ಯಾವಾಗ ತೆಗೆಯಬೇಕು? ಒಂಬತ್ತನೇ ನಿಮಿಷಕ್ಕೆ ದೀಪ ಹಾಕಿ, ಬಾಗಿಲು ತೆಗೆಯದೆ ಗಾಜಿನಲ್ಲಿ ನೋಡಿ. ಹಸಿ ಹಿಟ್ಟಿಗೆ ಒದ್ದೆ ಜೇಡಿಮಣ್ಣಿನಂಥ ಹೊಳಪಿರುತ್ತದೆ. ಬೇಯುತ್ತಾ ಬಂದ ಹಾಗೆ ಆ ಹೊಳಪು ಅಂಚಿನಿಂದ ಒಳಕ್ಕೆ ಮಾಯವಾಗುತ್ತಾ ಹೋಗುತ್ತದೆ. ಅಂಚು ಪೂರ್ತಿ ಮಂಕಾಗಿ, ನಡುವೆ ಒಂದು ನಾಣ್ಯದಷ್ಟು ಜಾಗ ಮಾತ್ರ ಹೊಳೆಯುತ್ತಿದೆಯಾ? ತೆಗೆಯಿರಿ. ಅಂಚನ್ನು ಬೆರಳಿನಿಂದ ಮೆಲ್ಲಗೆ ತಳ್ಳಿದರೆ ಜಾರಬಾರದು, ಆಕಾರ ಹಿಡಿದಿರಬೇಕು. ನಡುಭಾಗ ಮಾತ್ರ ಉಬ್ಬಿಕೊಂಡು, ಮುಟ್ಟಿದರೆ ಗುಳಿ ಬೀಳುವ ಹಾಗಿರಬೇಕು. ನೋಡಿದರೆ ಖಂಡಿತ ಬೆಂದಿಲ್ಲ ಅನ್ನಿಸುತ್ತದೆ. ಅನ್ನಿಸಲಿ ಬಿಡಿ.

ಹೊರಗೆ ತೆಗೆದ ಟ್ರೇ ಇನ್ನೂ ಕಾದಿರುತ್ತದೆ. ಅದರ ಮೇಲೆ ಐದರಿಂದ ಎಂಟು ನಿಮಿಷ ಕುಕ್ಕಿ ಬೇಯುತ್ತಲೇ ಇರುತ್ತದೆ. ಉಬ್ಬಿದ ನಡುಭಾಗ ಮೆಲ್ಲಗೆ ಕುಸಿದು ಮೇಲೆ ಬಿರುಕು ಮೂಡುವುದು ಆಗಲೇ. ಆಮೇಲೆ ತಂತಿ ಜಾಲರಿಗೆ ಎತ್ತಿಡಿ. ಇದನ್ನು ಮರೆತು ಟ್ರೇ ಮೇಲೆಯೇ ಅರ್ಧ ಗಂಟೆ ಬಿಟ್ಟರೆ ಸರಿಯಾದ ಹೊತ್ತಿಗೆ ತೆಗೆದದ್ದೂ ದಂಡ.

‘ಹಸಿ ಮೊಟ್ಟೆ ಹೊಟ್ಟೆಗೆ ಹೋದರೆ?’ ಅಂತ ಭಯವಿದ್ದವರು ಚೂಪು ತುದಿಯ ಅಡುಗೆ ಥರ್ಮಾಮೀಟರ್ ಚುಚ್ಚಿ ನೋಡಬಹುದು. ನಡುವೆ 71 ಡಿಗ್ರಿ ದಾಟಿದ್ದರೆ ಮೊಟ್ಟೆಯ ಚಿಂತೆ ಬೇಡ. ಹಾಗೇ, ಬೇಯಿಸದ ಹಿಟ್ಟನ್ನು ಬೆರಳಲ್ಲಿ ನೆಕ್ಕುವ ಚಟ ಇದ್ದರೆ ಬಿಡುವುದು ಒಳ್ಳೆಯದು. ಮೊಟ್ಟೆ ಒಂದೇ ಅಲ್ಲ, ಹಸಿ ಮೈದಾದಲ್ಲೂ ರೋಗಾಣು ಇರಬಹುದು.

ಸಮಯ ಸರಿಯಿದ್ದೂ ಗಟ್ಟಿಯಾಗುತ್ತಿದ್ದರೆ ಮುಂದಿನ ಅನುಮಾನ ಮೈದಾ ಮೇಲೆ. ಒಂದು ಸಲ ನನ್ನ ತಂಗಿ ಫೋನ್ ಮಾಡಿದಳು. “ಅಕ್ಕಾ, ನೀನು ಕೊಟ್ಟ ಅಳತೆಯಲ್ಲೇ ಮಾಡಿದೆ ಕಣೇ. ತಟ್ಟೆಗೆ ಹಾಕಿದರೆ ಟಣ್ ಅಂತ ಸದ್ದು ಬರ್ತಿದೆ!” ಮೈದಾ ಹೇಗೆ ಅಳೆದೆ ಅಂದೆ. “ಒಂದು ಕಪ್. ಡಬ್ಬಿಯೊಳಗೆ ಅದ್ದಿ, ತಲೆ ತಟ್ಟಿ ತೆಗೆದೆ.” ಅದೇ ಥರ ಇನ್ನೊಂದು ಕಪ್ ತೆಗೆದು ತೂಗು ಅಂದೆ. 158 ಗ್ರಾಂ. ಇರಬೇಕಾದದ್ದು 125. ಮೂವತ್ತಮೂರು ಗ್ರಾಂ ಮೈದಾ ಸುಮ್ನೆ ಕೂತುಕೊಂಡು ಬೆಣ್ಣೆಯ ನೀರನ್ನೆಲ್ಲ ಕುಡಿದಿತ್ತು.

ಮೈದಾ ಡಬ್ಬಿಯಲ್ಲಿ ಅದುಮಿಕೊಂಡಿರುತ್ತದೆ. ಕಪ್ಪನ್ನೇ ಅದ್ದಿ ತೆಗೆದರೆ ಇನ್ನಷ್ಟು ಅದುಮುತ್ತದೆ. ತೂಕದ ಯಂತ್ರ ಇಲ್ಲದವರು ಮೊದಲು ಚಮಚದಿಂದ ಕೆದಕಿ ಹಗುರ ಮಾಡಿ, ಚಮಚ ಚಮಚವಾಗಿ ಕಪ್ಪಿಗೆ ಸುರಿದು, ಮೇಲಿನದನ್ನು ಚಾಕುವಿನ ಬೆನ್ನಿನಿಂದ ಸವರಿಬಿಡಿ. ಆಗ 120ರಿಂದ 125 ಗ್ರಾಂ ಹತ್ತಿರ ಬರುತ್ತದೆ. ಆದರೂ ನನ್ನನ್ನು ಕೇಳಿದರೆ, ಬೇಕಿಂಗ್‌ಗೆ ಅಂತ ಒಂದೇ ಒಂದು ಸಾಮಾನು ಕೊಳ್ಳುವುದಾದರೆ ತೂಕದ ಯಂತ್ರ ಕೊಳ್ಳಿ. ಬೀಟರ್ ಆಮೇಲೆ.

ಮೂರನೆಯದು ಸಕ್ಕರೆ. ಬ್ರೌನ್ ಶುಗರ್‌ನಲ್ಲಿ ಕಾಕಂಬಿ (ಮೊಲಾಸಸ್, ಸಕ್ಕರೆ ಮಾಡುವಾಗ ಉಳಿಯುವ ಕಪ್ಪು ಪಾಕ) ಇರುತ್ತದೆ. ಅದು ಗಾಳಿಯ ತೇವವನ್ನೂ ಎಳೆದುಕೊಂಡು ಹಿಡಿದಿಡುತ್ತದೆ. ಬಿಳಿ ಸಕ್ಕರೆ ತಣ್ಣಗಾದಾಗ ಮತ್ತೆ ಹರಳುಗಟ್ಟಿ ಗರಿಗರಿ ಮಾಡುತ್ತದೆ. ಬ್ರೌನ್ ಶುಗರ್ ಸಿಗದಿದ್ದರೆ 200 ಗ್ರಾಂ ಬಿಳಿ ಸಕ್ಕರೆಗೆ ಒಂದು ದೊಡ್ಡ ಚಮಚ ಕಾಕಂಬಿ ಹಾಕಿ ಕೈಯಲ್ಲಿ ಉಜ್ಜಿ ಬೆರೆಸಿ, ಅದೇ ಬ್ರೌನ್ ಶುಗರ್. ಕಾಕಂಬಿಯೂ ಇಲ್ಲವೇ? ಸಕ್ಕರೆಯಲ್ಲಿ ಒಂದು ಚಮಚ ತೆಗೆದು ಅಷ್ಟೇ ಜೇನುತುಪ್ಪ ಹಾಕಿ. ಪೂರ್ತಿ ಅದೇ ರುಚಿ ಬರುವುದಿಲ್ಲ, ಮೆತ್ತಗಂತೂ ಆಗುತ್ತದೆ.

ಹಿಟ್ಟನ್ನು ಚಪಾತಿ ಹಿಟ್ಟಿನ ಹಾಗೆ ನಾದಿಬಿಟ್ಟಿದ್ದೀರಾ ಅಂತಲೂ ನೆನಪಿಸಿಕೊಳ್ಳಿ. ಮೈದಾ ಬಿದ್ದ ಮೇಲೆ ಬಿಳಿ ಗೆರೆ ಕಾಣದಾಗುವವರೆಗೆ ಕಲಸಿದರೆ ಸಾಕು. ಜಾಸ್ತಿ ಕಲಸಿದಷ್ಟೂ ಮೈದಾದ ಅಂಟು ಬಲಿಯುತ್ತದೆ, ಕುಕ್ಕಿ ಬಿಗಿಯಾಗುತ್ತದೆ.

ಓವನ್ ನಿಜ ಹೇಳುತ್ತಿದೆಯಾ?

ನಾನು ತುಂಬ ದಿನ ನನ್ನ ಕೈಯನ್ನೇ ಬೈದುಕೊಂಡಿದ್ದೆ. ತಳ ಕಪ್ಪು, ಅಂಚು ಗಟ್ಟಿ, ನಡು ಹಸಿ. ಕೊನೆಗೆ ಓವನ್‌ನೊಳಗೆ ಇಡುವ ಒಂದು ಪುಟ್ಟ ಥರ್ಮಾಮೀಟರ್ ತಂದು ಇಟ್ಟೆ. ಗುಂಡಿ 175ಕ್ಕೆ ತಿರುಗಿಸಿದ್ದರೆ ಒಳಗೆ 200 ತೋರಿಸುತ್ತಿತ್ತು. ಮನೆಯ ಓವನ್‌ಗಳಲ್ಲಿ ಇಷ್ಟು ಹೆಚ್ಚುಕಮ್ಮಿ ಅಪರೂಪವೇನಲ್ಲ.

ಥರ್ಮಾಮೀಟರ್ ಇಲ್ಲದಿದ್ದರೆ ಸಕ್ಕರೆಯಿಂದ ಪರೀಕ್ಷೆ ಮಾಡಬಹುದು. ಸಕ್ಕರೆ ಕರಗುವುದು 186 ಡಿಗ್ರಿ ಆಸುಪಾಸಿನಲ್ಲಿ. ಅಲ್ಯೂಮಿನಿಯಂ ಹಾಳೆಯ ಸಣ್ಣ ಬಟ್ಟಲು ಮಾಡಿ, ಒಂದು ಚಮಚ ಸಕ್ಕರೆ ಹಾಕಿ, ಕಾದ ಓವನ್‌ನಲ್ಲಿ 175ಕ್ಕೆ 15 ನಿಮಿಷ ಇಡಿ. ಹರಳು ಹರಳಾಗಿಯೇ ಇರಬೇಕು. ಕರಗಿದ್ದರೆ ನಿಮ್ಮ ಓವನ್ ಹೇಳುವುದಕ್ಕಿಂತ ಬಿಸಿ. ಇನ್ನೊಂದು ಚಮಚ ಹಾಕಿ 190ಕ್ಕೆ 15 ನಿಮಿಷ. ಈಗ ಕರಗಬೇಕು. ಕರಗದಿದ್ದರೆ ಓವನ್ ತಣ್ಣಗಿದೆ. ತುಂಬ ಕರಾರುವಾಕ್ ಪರೀಕ್ಷೆ ಅಲ್ಲ, ಆದರೆ ಓವನ್ ಯಾವ ಕಡೆಗೆ ವಾಲಿದೆ ಅಂತ ತಿಳಿಯುತ್ತದೆ.

ಬಿಸಿಯಾಯಿತು ಅಂತ ಓವನ್ ಬೀಪ್ ಅಂದ ತಕ್ಷಣ ಟ್ರೇ ಇಡಬೇಡಿ. ಗಾಳಿ ಕಾದಿರುತ್ತದೆ, ಗೋಡೆಗಳು ಕಾದಿರುವುದಿಲ್ಲ. ಒಟ್ಟು 20 ನಿಮಿಷವಾದರೂ ಕಾಯಲಿ. ಒಳಗೆ ಫ್ಯಾನ್ ತಿರುಗುವ ಓವನ್ ಅಥವಾ ಮೈಕ್ರೋವೇವ್‌ನ ಕನ್ವೆಕ್ಷನ್ ಆದರೆ ರೆಸಿಪಿಯ ಬಿಸಿಗಿಂತ 15ರಿಂದ 20 ಡಿಗ್ರಿ ಕಡಿಮೆ ಇಡಿ. ಬರೀ ಮೈಕ್ರೋವೇವ್ ಕಿರಣದಲ್ಲಿ ಈ ಕುಕ್ಕಿ ಆಗುವುದಿಲ್ಲ, ಆ ಪ್ರಯತ್ನ ಬೇಡ.

ಕರಗಿ ಹರಡಿ ಹಪ್ಪಳವಾದರೆ

ಓವನ್ ಒಳಗೆ ಒಂದು ಪಂದ್ಯ ನಡೆಯುತ್ತಿರುತ್ತದೆ. ಬೆಣ್ಣೆ ಕರಗಿ ಹಿಟ್ಟು ಹರಡುತ್ತಾ ಹೋಗುತ್ತದೆ. ಅಷ್ಟರಲ್ಲಿ ಮೊಟ್ಟೆ ಮತ್ತು ಮೈದಾ ಬೆಂದು ಅದನ್ನು ಹಿಡಿದು ನಿಲ್ಲಿಸಬೇಕು. ಬೆಣ್ಣೆ ಮೊದಲು ಗೆದ್ದರೆ ಹಪ್ಪಳ.

ಹಾಗಾಗಿ ಮೊದಲು ಕೇಳಿಕೊಳ್ಳಬೇಕಾದದ್ದು, ಟ್ರೇಗೆ ಹಾಕಿದಾಗ ಹಿಟ್ಟು ಎಷ್ಟು ತಣ್ಣಗಿತ್ತು ಅಂತ. ಬೆಣ್ಣೆ 32ರಿಂದ 35 ಡಿಗ್ರಿಯೊಳಗೆ ಪೂರ್ತಿ ಕರಗಿಬಿಡುತ್ತದೆ. ಸಕ್ಕರೆ ಜತೆ ಕಡೆಯುವಾಗ ಅದು 18ರಿಂದ 20 ಡಿಗ್ರಿಯಲ್ಲಿರಬೇಕು. ಬೆರಳಿನಿಂದ ಒತ್ತಿದರೆ ಗುಳಿ ಬೀಳಬೇಕು, ಬೆರಳು ಜಾರಿ ಒಳಗೆ ಇಳಿಯಬಾರದು, ಮೇಲೆ ಎಣ್ಣೆಯ ಹೊಳಪು ಬರಬಾರದು. ಸೆಕೆಯ ದಿನ ಅಡುಗೆಮನೆಯಲ್ಲಿ ‘ರೂಮ್ ಟೆಂಪರೇಚರ್’ ಅಂತ ಬಿಟ್ಟ ಬೆಣ್ಣೆ ಅರ್ಧ ಕರಗಿಯೇ ಇರುತ್ತದೆ. ರೆಸಿಪಿಯವರು ಹೇಳಿದ ರೂಮು ಅದಲ್ಲ!

ಪರಿಹಾರ ಸುಲಭ. ಉಂಡೆ ಮಾಡಿ ಫ್ರಿಜ್‌ನಲ್ಲಿ ಕನಿಷ್ಠ ಅರ್ಧ ಗಂಟೆ, ಸಾಧ್ಯವಾದರೆ ಒಂದು ಗಂಟೆ ಇಡಿ. ರಾತ್ರಿಯಿಡೀ ಇಟ್ಟರೆ ಇನ್ನೂ ಒಳ್ಳೆಯದು. ಆಗ ಮೈದಾ ತೇವವನ್ನು ಚೆನ್ನಾಗಿ ಹೀರಿಕೊಂಡಿರುತ್ತದೆ, ರುಚಿಯೂ ಗಾಢವಾಗುತ್ತದೆ. ಒಂದು ಹಿಟ್ಟನ್ನು ಎರಡು ಪಾಲು ಮಾಡಿ, ಒಂದನ್ನು ಆಗಲೇ, ಇನ್ನೊಂದನ್ನು ಮರುದಿನ ಬೇಯಿಸಿ ಪಕ್ಕದಲ್ಲಿಟ್ಟು ತಿಂದು ನೋಡಿ. ಆಮೇಲೆ ಯಾರೂ ನಿಮಗೆ ಹೇಳಿಕೊಡಬೇಕಾಗಿಲ್ಲ.

ಎರಡನೇ ಸರದಿಯ ಕುಕ್ಕಿ ಮಾತ್ರ ಹರಡುತ್ತಿದೆಯಾ? ಹಾಗಾದರೆ ಬಿಸಿ ಟ್ರೇ ಮೇಲೆಯೇ ಉಂಡೆ ಇಟ್ಟಿದ್ದೀರಿ. ಓವನ್‌ಗೆ ಹೋಗುವ ಮೊದಲೇ ತಳದ ಬೆಣ್ಣೆ ಕರಗಿರುತ್ತದೆ. ಟ್ರೇ ತಣ್ಣಗಾಗಲಿ, ಇಲ್ಲವೇ ಎರಡು ಟ್ರೇ ಬಳಸಿ. ಟ್ರೇಗೆ ಎಣ್ಣೆ ಅಥವಾ ಬೆಣ್ಣೆ ಸವರುವ ಅಭ್ಯಾಸವನ್ನೂ ಬಿಡಿ. ಜಿಡ್ಡಿನ ಮೇಲೆ ಹಿಟ್ಟು ಜಾರುತ್ತಾ ಹೋಗುತ್ತದೆ. ಬೇಕಿಂಗ್ ಪೇಪರ್ ಸಾಕು.

ಓವನ್ ತಣ್ಣಗಿದ್ದರೂ ಹರಡುತ್ತದೆ, ಯಾಕೆಂದರೆ ಹಿಡಿದು ನಿಲ್ಲಿಸುವವರು ತಡವಾಗಿ ಬಂದ ಹಾಗಾಯಿತು. ಸೋಡಾ ಜಾಸ್ತಿಯಾದರೂ ಹಾಗೇ. ಇದು ತುಂಬ ಜನರಿಗೆ ಗೊತ್ತಿಲ್ಲ. ಸೋಡಾ ಹಿಟ್ಟನ್ನು ಉಬ್ಬಿಸುವುದಷ್ಟೇ ಅಲ್ಲ, ಅದು ಬೆಂದು ಗಟ್ಟಿಯಾಗುವುದನ್ನೂ ತಡ ಮಾಡುತ್ತದೆ. ಅರ್ಧ ಚಮಚ ಅಂದರೆ ಸವರಿದ ಅರ್ಧ ಚಮಚ, ಗೋಪುರ ಕಟ್ಟಿದ್ದಲ್ಲ.

ಇವೆಲ್ಲ ಸರಿಯಿದ್ದೂ ಪರೀಕ್ಷೆಯ ಕುಕ್ಕಿ ಹರಡಿದರೆ, ಉಳಿದ ಹಿಟ್ಟಿಗೆ ಒಂದು ದೊಡ್ಡ ಚಮಚ ಮೈದಾ ಸೇರಿಸಿ ಮತ್ತೆ ಒಂದನ್ನು ಬೇಯಿಸಿ. ಈಗಾಗಲೇ ಹರಡಿಕೊಂಡು ಓವನ್‌ನಿಂದ ಬಂದವು ಇವೆಯಲ್ಲ, ಅವುಗಳ ಮಾನ ಉಳಿಸಲು ಒಂದು ಉಪಾಯವಿದೆ. ಕುಕ್ಕಿಗಿಂತ ಸ್ವಲ್ಪ ದೊಡ್ಡ ಬಾಯಿಯ ಲೋಟ ಅಥವಾ ಬಟ್ಟಲನ್ನು ಅದರ ಮೇಲೆ ಬೋರಲು ಹಾಕಿ, ಬಿಸಿ ಇರುವಾಗಲೇ ಗುಂಡಗೆ ತಿರುಗಿಸಿ. ಅಂಚು ಒಳಕ್ಕೆ ಸರಿದು ಕುಕ್ಕಿ ದಪ್ಪಗೆ, ದುಂಡಗೆ ಕೂರುತ್ತದೆ. ತೆಗೆದ ಒಂದೆರಡು ನಿಮಿಷದೊಳಗೆ ಮಾಡಬೇಕು.

ಉಂಡೆ ಉಂಡೆಯಾಗಿಯೇ ಉಳಿದರೆ

ಇದು ಮೇಲಿನದರ ಉಲ್ಟಾ. ಮೈದಾ ಅಥವಾ ಕೋಕೋ ಜಾಸ್ತಿಯಾಗಿದೆ, ಇಲ್ಲವೇ ಹಿಟ್ಟು ಕಲ್ಲಿನಷ್ಟು ತಣ್ಣಗಿತ್ತು, ಇಲ್ಲವೇ ಓವನ್ ತುಂಬ ಕಾದಿತ್ತು. ರಾತ್ರಿಯಿಡೀ ಫ್ರಿಜ್‌ನಲ್ಲಿದ್ದ ಉಂಡೆಯನ್ನು ಹತ್ತು ನಿಮಿಷ ಹೊರಗಿಟ್ಟು, ಅಂಗೈಯಿಂದ ಸ್ವಲ್ಪ ಚಪ್ಪಟೆ ಮಾಡಿ ಇಡಿ. ಆಗಲೂ ಹರಡದಿದ್ದರೆ ಹಿಟ್ಟಿಗೆ ಎರಡು ಚಮಚ ಹಾಲು. ಅರ್ಧ ಬೆಂದಾಗ ಟ್ರೇಯನ್ನು ಒಂದಿಷ್ಟು ಎತ್ತಿ ಜಾಲರಿಗೆ ಕುಕ್ಕಿದರೂ ಉಬ್ಬು ಇಳಿದು ಹರಡುತ್ತದೆ.

ಕುಕ್ಕಿ ಅಂದುಕೊಂಡರೆ ಕೇಕ್ ಆಯಿತು

ಮೆತ್ತಗಿದೆ, ಆದರೆ ಸ್ಪಂಜಿನ ಹಾಗೆ. ಕಚ್ಚಿದರೆ ಜಗಿಯಲು ಏನೂ ಸಿಗುವುದಿಲ್ಲ. ಇಲ್ಲಿ ತೇವ ಕಡಿಮೆಯಾಗಿಲ್ಲ, ಗಾಳಿ ಜಾಸ್ತಿಯಾಗಿದೆ.

ಬೆಣ್ಣೆ ಸಕ್ಕರೆಯನ್ನು ಬೀಟರ್‌ನಲ್ಲಿ ಐದಾರು ನಿಮಿಷ ನೊರೆ ಬರುವ ಹಾಗೆ ಕಡೆಯುವುದು ಕೇಕ್‌ಗೆ. ಕುಕ್ಕಿಗೆ ಒಂದರಿಂದ ಎರಡು ನಿಮಿಷ ಸಾಕು, ಮರದ ಚಮಚವೂ ಸಾಕು. ಸೋಡಾ ಬದಲು ಬೇಕಿಂಗ್ ಪೌಡರ್ ಹಾಕಿದ್ದರೂ ಕೇಕ್ ಕಡೆಗೆ ವಾಲುತ್ತದೆ. ಇನ್ನೊಂದು ಕಾರಣ ಮೊಟ್ಟೆಯ ಬಿಳಿ ಲೋಳೆ. ಅದು ಬೆಂದಾಗ ಒಣಗಿ ಉಬ್ಬುತ್ತದೆ. ಹಳದಿಯಲ್ಲಿ ಕೊಬ್ಬಿದೆ, ಅದು ತೇವ ಮತ್ತು ಬೆಣ್ಣೆಯನ್ನು ಬೆಸೆದು ಹಿಡಿಯುತ್ತದೆ. ಜಗಿಯುವ ಹಾಗೆ ಬೇಕೆಂದರೆ ಒಂದು ಮೊಟ್ಟೆಯ ಬದಲು ಎರಡು ಹಳದಿ ಹಾಕಿ ನೋಡಿ. ಈ ಒಂದು ಬದಲಾವಣೆ ಕುಕ್ಕಿಯ ಗುಣವನ್ನೇ ತಿರುಗಿಸಿಬಿಡುತ್ತದೆ.

ಮೊಟ್ಟೆ ತಿನ್ನದವರು ಸಾಮಾನ್ಯವಾಗಿ ಮೊಸರು ಹಾಕುತ್ತಾರೆ. ಮೊಸರಿನ ಹುಳಿಗೆ ಸೋಡಾ ಒಮ್ಮೆಲೇ ಬುಸ್ ಅಂತ ಉಬ್ಬುತ್ತದೆ, ಮೊಸರಿನ ನೀರೂ ಸೇರುತ್ತದೆ. ಕೇಕ್ ಆಗದೆ ಇನ್ನೇನಾದೀತು? ಅದರ ಬದಲು ಒಂದು ದೊಡ್ಡ ಚಮಚ ಅಗಸೆ ಬೀಜದ ಪುಡಿಯನ್ನು ಮೂರು ದೊಡ್ಡ ಚಮಚ ನೀರಲ್ಲಿ ಹತ್ತು ನಿಮಿಷ ನೆನೆಸಿ ಹಾಕಿ. ಅದರ ಲೋಳೆಗೆ ಮೊಟ್ಟೆಯ ಬಂಧ ಸ್ವಲ್ಪವಾದರೂ ಬರುತ್ತದೆ.

ತಳ ಸೀದು, ಮೇಲೆ ಹಸಿ

ಟ್ರೇ ನೋಡಿ. ಕಪ್ಪು ಟ್ರೇ ಬಿಸಿಯನ್ನು ಜಾಸ್ತಿ ಹೀರುತ್ತದೆ, ತೆಳು ತಗಡು ಒಮ್ಮೆಲೇ ಕಾಯುತ್ತದೆ. ಒಂದರ ಮೇಲೊಂದು ಎರಡು ಟ್ರೇ ಜೋಡಿಸಿ, ನಡುವಿನ ಹಂತದಲ್ಲಿಡಿ. ಕಪ್ಪು ಟ್ರೇ ಒಂದೇ ಇದ್ದರೆ ಬಿಸಿಯನ್ನು ಹತ್ತು ಡಿಗ್ರಿ ಇಳಿಸಿ. ಹಿಂದಿನ ಮೂಲೆಯವು ಮಾತ್ರ ಸೀಯುತ್ತಿದ್ದರೆ ಆರನೇ ನಿಮಿಷಕ್ಕೆ ಟ್ರೇ ತಿರುಗಿಸಿ ಇಟ್ಟರೆ ಮುಗಿಯಿತು.

ಪುಡಿಪುಡಿ, ಅಥವಾ ಕೈಗೆಲ್ಲ ಜಿಡ್ಡು

ಹಿಡಿದರೆ ಉದುರಿಹೋಗುವ ಕುಕ್ಕಿಗೆ ಬಂಧ ಸಾಲದು ಅಂತ ಅರ್ಥ. ಮೊಟ್ಟೆ ತೀರಾ ಸಣ್ಣದಿರಬಹುದು. ಸಿಪ್ಪೆ ಬಿಟ್ಟು 50 ಗ್ರಾಂ ಇರಬೇಕು. ಕೋಕೋ ಒಂದು ಚಮಚ ಜಾಸ್ತಿ ಬಿದ್ದಿರಬಹುದು. ‘ಚಾಕೊಲೇಟ್ ರುಚಿ ಇನ್ನೂ ಬರಲಿ’ ಅಂತ ಕೋಕೋ ಸುರಿಯುವುದು ನಮ್ಮೆಲ್ಲರ ದೌರ್ಬಲ್ಯ. ಕೋಕೋ ಜಾಸ್ತಿ ಮಾಡಿದರೆ ಅಷ್ಟೇ ತೂಕದ ಮೈದಾ ತೆಗೆಯಲೇಬೇಕು, ಜತೆಗೆ ಒಂದು ಚಮಚ ಹಾಲು. ಮೈದಾ ಬದಲು ಗೋಧಿ ಹಿಟ್ಟು ಹಾಕಿದವರಿಗೂ ಇದೇ ಮಾತು. ಅದರ ತೌಡು ನೀರು ಹೀರುತ್ತದೆ.

ಜಿಡ್ಡು ಬಿಡುತ್ತಿದ್ದರೆ ಹಿಟ್ಟು ಕಲಸುವಾಗಲೇ ಒಡೆದಿರುತ್ತದೆ. ಫ್ರಿಜ್‌ನಿಂದ ಆಗ ತಾನೇ ತೆಗೆದ ತಣ್ಣನೆ ಮೊಟ್ಟೆ ಹಾಕಿದಾಗ ಬೆಣ್ಣೆ ಕಾಳು ಕಾಳಾಗಿ ಬೇರೆಯಾಗುವುದನ್ನು ನೋಡಿರುತ್ತೀರಿ. ಮೊಟ್ಟೆಯನ್ನು ಉಗುರುಬೆಚ್ಚಗಿನ ನೀರಲ್ಲಿ ಐದು ನಿಮಿಷ ಬಿಟ್ಟು ಒಡೆಯಿರಿ.

ರುಚಿಯಲ್ಲಿ ಸೋಪಿನ ಹಾಗೆ ಏನೋ

ಇದು ಸೋಡಾದ ಕೆಲಸ. ಒಂದೇ ಕುಕ್ಕಿಯಲ್ಲಿ, ಒಂದೇ ಕಡೆ ಕಹಿ ಸಿಕ್ಕಿದರೆ ಸೋಡಾ ಗಂಟು ಉಳಿದಿದೆ ಅಂತ. ಮೈದಾ, ಕೋಕೋ, ಸೋಡಾ ಮೂರನ್ನೂ ಒಟ್ಟಿಗೆ ಜರಡಿ ಹಿಡಿದರೆ ಸರಿಹೋಗುತ್ತದೆ. ಕೋಕೋಗೆ ಹೇಗೂ ಗಂಟು ಕಟ್ಟುವ ಚಾಳಿ ಇದೆ.

ಎಲ್ಲ ಕುಕ್ಕಿಯಲ್ಲೂ ಅದೇ ರುಚಿಯಿದ್ದರೆ ಕೋಕೋ ಡಬ್ಬಿ ತಿರುಗಿಸಿ ಓದಿ. ಕೋಕೋದಲ್ಲಿ ಎರಡು ಜಾತಿ. ಸಾದಾ ಕೋಕೋ ತಿಳಿ ಕಂದು, ನಾಲಿಗೆಗೆ ಸ್ವಲ್ಪ ಹುಳಿ. ಇನ್ನೊಂದು ಡಚ್ ಕೋಕೋ. 19ನೇ ಶತಮಾನದಲ್ಲಿ ನೆದರ್‌ಲ್ಯಾಂಡ್ಸ್‌ನ ವಾನ್ ಹೌಟನ್ ರೂಢಿಗೆ ತಂದ ವಿಧಾನ ಅದು. ಕೋಕೋವನ್ನು ಕ್ಷಾರದಲ್ಲಿ ಸಂಸ್ಕರಿಸಿ ಹುಳಿ ತೆಗೆದಿರುತ್ತಾರೆ. ಬಣ್ಣ ಗಾಢ, ರುಚಿ ಮೃದು. ಸೋಡಾ ಕೆಲಸ ಮಾಡಲು ಹುಳಿ ಬೇಕಲ್ವಾ? ಡಚ್ ಕೋಕೋದಲ್ಲಿ ಅದಿಲ್ಲ. ಬ್ರೌನ್ ಶುಗರ್‌ನ ಕಾಕಂಬಿಯಲ್ಲಿ ಸ್ವಲ್ಪ ಹುಳಿ ಇರುವುದರಿಂದ ಮೇಲಿನ ಅಳತೆಯಲ್ಲಿ ಹೇಗೋ ನಡೆಯುತ್ತದೆ. ಬರೀ ಬಿಳಿ ಸಕ್ಕರೆ ಮತ್ತು ಡಚ್ ಕೋಕೋ ಜತೆ ಸೋಡಾ ಹಾಕಿದರೆ ಅದು ಹಾಗೆಯೇ ಉಳಿದು ಬಾಯಿ ಕೆಡಿಸುತ್ತದೆ. ಆಗ ಮಾತ್ರ ಸೋಡಾದ ಮೂರರಷ್ಟು ಬೇಕಿಂಗ್ ಪೌಡರ್ ಹಾಕಿ. ಸ್ವಲ್ಪ ಕೇಕ್ ಥರ ಆಗುತ್ತದೆ, ಆದರೂ ಸೋಪಿಗಿಂತ ವಾಸಿ.

ಸೋಡಾ ಹಳೆಯದಾಗಿದೆಯೇ ಅನ್ನುವ ಅನುಮಾನವಿದ್ದರೆ ಚಿಟಿಕೆ ಸೋಡಾ ಮೇಲೆ ನಿಂಬೆರಸ ಹಿಂಡಿ. ನೊರೆ ಉಕ್ಕಬೇಕು. ಬೇಕಿಂಗ್ ಪೌಡರ್‌ಗೆ ಬಿಸಿ ನೀರು ಸಾಕು.

ಚಾಕೊಲೇಟ್ ಚೂರಿನ ತಂಟೆ

ಚಿಪ್ಸ್ ಹಾಕಿದೆ, ಕರಗಲೇ ಇಲ್ಲ ಅನ್ನುತ್ತಾರೆ. ಕರಗಬಾರದು ಅಂತಲೇ ಮಾಡಿದ್ದು ಅದು. ಅದರಲ್ಲಿ ಕೋಕೋ ಬೆಣ್ಣೆ ಕಡಿಮೆ, ಹಾಗಾಗಿ ಓವನ್‌ನಲ್ಲೂ ಆಕಾರ ಬಿಡುವುದಿಲ್ಲ. ಮುರಿದಾಗ ಒಳಗೆ ಚಾಕೊಲೇಟ್ ಹರಿಯಬೇಕೆಂದರೆ ಬಾರ್ ತಂದು ಚಾಕುವಿನಿಂದ ಒರಟಾಗಿ ಕೊಚ್ಚಿ ಹಾಕಿ. ಕೊಚ್ಚಿದ ಪುಡಿಯನ್ನೂ ಬಿಡದೆ ಸುರಿಯಿರಿ.

ಹಿಟ್ಟಿಗೆ ಕರಗಿಸಿದ ಚಾಕೊಲೇಟ್ ಹಾಕುವ ರೆಸಿಪಿಯಾದರೆ ಬಟ್ಟಲು, ಚಮಚ ಒಣಗಿರಲಿ. ಎರಡು ಹನಿ ನೀರು ಬಿದ್ದರೂ ಅದು ಮರಳು ಮರಳಾಗಿ ಬಿಗಿದುಕೊಳ್ಳುತ್ತದೆ. ಬಾರ್ ಮೇಲೆ ಬೂದು ಬಿಳಿ ಪದರ ಕಂಡರೆ ಬೂಷ್ಟು ಅಂತ ಎಸೆಯಬೇಡಿ. ಬಿಸಿ ತಣ್ಣಗೆ ಆಗಿ ಕೊಬ್ಬು ಮೇಲೆ ಬಂದಿರುತ್ತದೆ ಅಷ್ಟೇ. ಬೇಕಿಂಗ್‌ಗೆ ಏನೂ ತೊಂದರೆಯಿಲ್ಲ.

ಮಾಡಿದ ದಿನ ಚೆನ್ನಾಗಿತ್ತು, ಮರುದಿನ ಗಟ್ಟಿ

ಇಲ್ಲಿ ತಪ್ಪು ಬೇಯಿಸಿದ್ದರಲ್ಲಿ ಇಲ್ಲ, ಇಟ್ಟದ್ದರಲ್ಲಿ ಇದೆ. ತಟ್ಟೆಯ ಮೇಲೆ ತೆರೆದಿಟ್ಟ ಕುಕ್ಕಿ ರಾತ್ರಿ ಕಳೆಯುವುದರೊಳಗೆ ಒಣಗುತ್ತದೆ. ಪೂರ್ತಿ ತಣ್ಣಗಾದ ತಕ್ಷಣ ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ. ಬಿಸಿ ಇರುವಾಗಲೇ ಮುಚ್ಚಿದರೆ ಆವಿ ಹನಿಗಟ್ಟಿ ಮೇಲ್ಮೈ ಅಂಟಂಟಾಗುತ್ತದೆ. ಫ್ರಿಜ್‌ನಲ್ಲಿ ಇಡಬೇಡಿ, ಅಲ್ಲಿ ಇನ್ನೂ ಬೇಗ ಬಿರುಸಾಗುತ್ತದೆ. ಹೊರಗೇ ಮೂರು ನಾಲ್ಕು ದಿನ ಚೆನ್ನಾಗಿರುತ್ತದೆ.

ಆಗಲೇ ಗಟ್ಟಿಯಾಗಿದ್ದರೆ ಡಬ್ಬಿಯೊಳಗೆ ಒಂದು ಹೋಳು ಬ್ರೆಡ್ ಇಟ್ಟು ರಾತ್ರಿ ಮುಚ್ಚಿಡಿ. ಬೆಳಿಗ್ಗೆ ಬ್ರೆಡ್ ರಸ್ಕ್ ಆಗಿರುತ್ತದೆ, ಕುಕ್ಕಿ ಮೆತ್ತಗಾಗಿರುತ್ತದೆ. ಬ್ರೆಡ್ಡಿನ ತೇವವನ್ನು ಕುಕ್ಕಿಯ ಸಕ್ಕರೆ ಎಳೆದುಕೊಂಡಿರುತ್ತದೆ. ಅವಸರವಾದರೆ ಮೈಕ್ರೋವೇವ್‌ನಲ್ಲಿ ಹತ್ತು ಸೆಕೆಂಡು. ಆದರೆ ಆಗಲೇ ತಿಂದು ಮುಗಿಸಬೇಕು, ಆರಿದರೆ ಮೊದಲಿಗಿಂತ ಗಟ್ಟಿ.

ನಾನಂತೂ ಈಗ ಹದಿನಾರನ್ನೂ ಒಂದೇ ದಿನ ಬೇಯಿಸುವುದಿಲ್ಲ. ಬೇಕಾದಷ್ಟು ಬೇಯಿಸಿ, ಉಳಿದ ಉಂಡೆಗಳನ್ನು ತಟ್ಟೆಯಲ್ಲಿ ಬಿಡಿಬಿಡಿಯಾಗಿ ಫ್ರೀಜರ್‌ನಲ್ಲಿಟ್ಟು, ಗಟ್ಟಿಯಾದ ಮೇಲೆ ಒಂದು ಚೀಲಕ್ಕೆ ತುಂಬುತ್ತೇನೆ. ಎರಡು ತಿಂಗಳು ಏನೂ ಆಗುವುದಿಲ್ಲ. ತಿನ್ನಬೇಕು ಅನ್ನಿಸಿದಾಗ ಕರಗಿಸದೆ ನೇರ ಓವನ್‌ಗೆ. ಬಿಸಿ ಅಷ್ಟೇ ಇರಲಿ, ಸಮಯ ಮಾತ್ರ ಸ್ವಲ್ಪ ಹೆಚ್ಚು ಬೇಕು. ‘ಇನ್ನೆರಡು ನಿಮಿಷ ಇರಲಿ’ ಅಂತ ಧೈರ್ಯವಾಗಿ ಹೇಳಬಹುದಾದದ್ದು ಇಲ್ಲೊಂದೇ ಕಡೆ.